ಹೊರಗೆ ಎಲ್ಲೂ ಹೋಗದವರ ‘ಗುಪ್ತ ರೋಗ’: ಒಂದು ಪ್ರಕರಣ ಅಧ್ಯಯನ

ಬ್ಯಾಡಗಿ ಮಾರುಕಟ್ಟೆಯಿಂದ ಕೊಚ್ಚಿ ಕಡೆಯ ಮಸಾಲೆ ಕಾರ್ಖಾನೆಗಳಿಗೆ ಮೆಣಸಿನಕಾಯಿ ಲೋಡು ಒಯ್ಯುವ ಲಾರಿ ಚಾಲಕರೊಬ್ಬರು 2022ರ ಜನವರಿಯಲ್ಲಿ ಸೊಂಟನೋವೆಂದು ನನ್ನಲ್ಲಿಗೆ ಬಂದರು. ವಯಸ್ಸು 43, ಮದುವೆಯಾಗಿ 19 ವರ್ಷ, ಇಬ್ಬರು ಮಕ್ಕಳು. ಸೊಂಟ ನೋಡಿದೆ, ಮಾತ್ರೆ ಬರೆದೆ, ಬೆನ್ನಿಗೆ ದಿಂಬು ಕೊಟ್ಟು ಕೂರಲು ಹೇಳಿದೆ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋಗಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟದೆ ನಿಂತರು. ಮತ್ತೆ ಪರದೆ ಸರಿಸಿ ತಲೆ ಒಳಗಿಟ್ಟು, ನನ್ನನ್ನು ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿದರು: “ಇನ್ನೊಂದ್ ಮಾತ್ ಕೇಳೂದಿತ್ರೀ ಸರ್. ಹೊರಗ ಎಲ್ಲೂ ಹೋಗದವಂಗೂ ಆ ರೋಗ ಬರ್ತೈತೇನ್ರೀ?”

ಸೊಂಟನೋವು ಸುಳ್ಳಾಗಿರಲಿಲ್ಲ. ಆದರೆ ಅವರು ಬಂದದ್ದು ಈ ಪ್ರಶ್ನೆಗಾಗಿ. ಇಂಥ ಪ್ರಶ್ನೆಗಳು ಕುರ್ಚಿಯಲ್ಲಿ ಕುಳಿತಾಗ ಹುಟ್ಟುವುದು ಅಪರೂಪ. ಚಪ್ಪಲಿ ಮೆಟ್ಟುವಾಗ ಬರುತ್ತವೆ, ಮುಂದಿನ ರೋಗಿ ಒಳಗೆ ಕಾಲಿಡುವ ಹೊತ್ತಿಗೆ ಬರುತ್ತವೆ. ಮುಂದಿನವರನ್ನು ಸ್ವಲ್ಪ ಕಾಯಲು ಹೇಳಿ ಬಾಗಿಲು ಹಾಕಿದೆ. ಅವರ ಅನುಮತಿ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತೊಂದರೆ ಶುರುವಾಗಿ ಎಂಟು ತಿಂಗಳಾಗಿತ್ತು. ಮೊದಲು ಶಿಶ್ನದ ತುದಿಯಲ್ಲಿ ನವೆ, ಆಮೇಲೆ ಮುಂದೊಗಲು ಹಿಂದಕ್ಕೆ ಸರಿಸುವಾಗ ಉರಿ, ಆಮೇಲೆ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು. ಮೆಣಸಿನಕಾಯಿ ಚೀಲ ಮುಟ್ಟಿದ ಕೈಯಲ್ಲೇ ಮೂತ್ರಕ್ಕೆ ಹೋದದ್ದರಿಂದ ಹೀಗಾಗಿದೆಯೆಂದು ಮೊದಮೊದಲು ಅವರೇ ಸಮಾಧಾನ ಮಾಡಿಕೊಂಡಿದ್ದರು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ, ಆದರೂ ಒಣಮೆಣಸಿನ ಧೂಳು ಎಂದಿಗೂ ಧೂಳೇ. ಲೋಡಿಂಗ್ ಕೆಲಸದವರು ಮೂತ್ರಕ್ಕೆ ಹೋದ ಮೇಲಷ್ಟೇ ಅಲ್ಲ, ಹೋಗುವ ಮೊದಲೂ ಕೈ ತೊಳೆಯಬೇಕೆಂಬುದನ್ನು ನಾನು ಕಲಿತದ್ದು ಈ ಊರಿಗೆ ಬಂದ ಮೇಲೆಯೇ. ಅವರು ಕೈ ತೊಳೆಯಲು ಶುರುಮಾಡಿದರು. ಉರಿ ಮಾತ್ರ ಹೋಗಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ಮೆಡಿಕಲ್ ಸ್ಟೋರಿನಲ್ಲಿ, ಕೌಂಟರಿನ ಬಳಿ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ, “ತೊಡೆ ಸಂದಿನ ತುರಿಕಿಗೆ” ಎಂದು ಹೇಳಿ ಒಂದು ಟ್ಯೂಬ್ ಕೊಂಡಿದ್ದರು. ಅವರು ಜೇಬಿನಿಂದ ತೆಗೆದು ತೋರಿಸಿದಾಗ ಅದು ಕೊನೆಯವರೆಗೂ ಸುರುಳಿ ಸುತ್ತಿ ಹಿಂಡಿದ ಟ್ಯೂಬಾಗಿತ್ತು, ನಾಲ್ಕನೆಯದೋ ಐದನೆಯದೋ. ಒಳಗಿದ್ದದ್ದು ಕ್ಲೋಬೆಟಸಾಲ್ ಎಂಬ ತೀವ್ರ ಸ್ಟಿರಾಯ್ಡ್, ಜೊತೆಗೆ ಒಂದು ಶಿಲೀಂಧ್ರ ನಾಶಕ, ಒಂದು ಆ್ಯಂಟಿಬಯಾಟಿಕ್. ಚರ್ಮಕ್ಕೆ ಹಚ್ಚುವ ಇಂಥ ಸ್ಟಿರಾಯ್ಡುಗಳನ್ನು 2018ರಲ್ಲೇ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಲಾಗಿದೆ. ಕಾಗದದ ಮೇಲಿನ ಆ ಪಟ್ಟಿಗೂ ಕೌಂಟರಿಗೂ ನಡುವೆ ಎಷ್ಟು ದೂರವಿದೆಯೆಂಬುದು ಚರ್ಮವೈದ್ಯರಿಗೆಲ್ಲ ಗೊತ್ತು. ಈ ಮುಲಾಮಿನ ಮೋಸ ಇರುವುದು ಅದು ಕೊಡುವ ಸುಖದಲ್ಲಿ: ಹಚ್ಚಿದ ಮೂರನೆಯ ದಿನಕ್ಕೆ ನವೆ, ಕೆಂಪು ಎರಡೂ ಇಳಿಯುತ್ತವೆ, ಬಿಟ್ಟ ವಾರದಲ್ಲಿ ಮತ್ತೆ ಏಳುತ್ತವೆ, ಮತ್ತು ಪ್ರತಿ ಸುತ್ತಿನಲ್ಲೂ ಮೊದಲೇ ತೆಳುವಾದ ಆ ಭಾಗದ ಚರ್ಮ ಇನ್ನಷ್ಟು ತೆಳುವಾಗಿ ಬೇಗ ಸೀಳುತ್ತದೆ.

ಐದನೆಯ ತಿಂಗಳಲ್ಲಿ ಹೆದ್ದಾರಿ ಬದಿಯ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದರು. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ “ಏನ್ ಕೆಲಸ ಮಾಡ್ತೀರಿ” ಎಂಬುದು. ಉತ್ತರ ಕೇಳಿದ ಮೇಲೆ ಎರಡನೆಯ ಪ್ರಶ್ನೆ ಬರಲಿಲ್ಲ. ಯಾವ ಪರೀಕ್ಷೆಯೂ ಇಲ್ಲದೆ ಒಂದು ಇಂಜೆಕ್ಷನ್ ಕೊಟ್ಟು, “ಇನ್ನ ಮ್ಯಾಲೆ ಚೊಲೋತ್ನಂಗ ಇರ್ರಿ” ಎಂಬ ಬುದ್ಧಿಮಾತಿನೊಂದಿಗೆ ಕಳಿಸಿದರು. ಚಾಲಕರಿಗೆ ನೋವಾದದ್ದು ಇಂಜೆಕ್ಷನ್ನಿನಿಂದಲ್ಲ.

ಆ ಕ್ಲಿನಿಕ್ಕಿನವರನ್ನು ಟೀಕಿಸುವ ಮೊದಲು ನನ್ನದನ್ನೂ ಹೇಳಬೇಕು. ಚಾಲಕರನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡುವ ಮೊದಲೇ ನನ್ನ ಕೈ ಕೇಸ್ ಶೀಟಿನಲ್ಲಿ ‘ಲಾರಿ ಚಾಲಕ’ ಎಂದು ಬರೆದು ಅದರ ಕೆಳಗೆ ಒಂದು ಗೆರೆ ಎಳೆದಿತ್ತು. ನಾನು ಮೊದಲು ಬರೆದ ಎರಡು ಪರೀಕ್ಷೆಗಳು ಎಚ್‌ಐವಿ ಮತ್ತು ಸಿಫಿಲಿಸ್‌ಗೆ ಮಾಡುವ ವಿಡಿಆರ್‌ಎಲ್. ಅವುಗಳನ್ನು ಬರೆದದ್ದು ತಪ್ಪಲ್ಲ, ಜನನಾಂಗದ ಹುಣ್ಣಿರುವ ಯಾರಿಗೇ ಆದರೂ ಬರೆಯಬೇಕು. ಅವರ ಪ್ರಶ್ನೆಯಲ್ಲೇ ಇದ್ದ ಉತ್ತರವನ್ನು ಕೇಳಿಸಿಕೊಳ್ಳದೆ ಬರೆದದ್ದು ತಪ್ಪು.

ನೋಡಿದಾಗ ಕಂಡದ್ದು ಹೀಗಿತ್ತು. ಮುಂದೊಗಲು ಅರ್ಧಕ್ಕಿಂತ ಹೆಚ್ಚು ಹಿಂದೆ ಸರಿಯುತ್ತಿರಲಿಲ್ಲ. ಅದರ ಅಂಚಿನ ಸುತ್ತ, ದಾರ ಎಳೆದು ಬಿಗಿದ ಚೀಲದ ಬಾಯಿಯಲ್ಲಿ ಮಡಿಕೆ ಬಿದ್ದಂತೆ, ಆರೇಳು ಉದ್ದುದ್ದ ಸೀಳುಗಳಿದ್ದವು. ಒಳಗಿನ ಚರ್ಮ ಹಸಿಯಾಗಿ ಹೊಳೆಯುವ ಕೆಂಪು, ಅದರ ಮೇಲೆ ಅಲ್ಲಲ್ಲಿ ಒಡೆದ ಮೊಸರಿನಂಥ ಬಿಳಿಯ ಪದರ. ಗಟ್ಟಿ ಹುಣ್ಣಿಲ್ಲ, ನೀರುಗುಳ್ಳೆಗಳಿಲ್ಲ, ಮೂತ್ರನಾಳದಿಂದ ಕೀವಿಲ್ಲ, ತೊಡೆಸಂದಿನಲ್ಲಿ ಗಡ್ಡೆಯಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆಗಳ ಚಿತ್ರ ಇದಲ್ಲ. ಇದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಸುನ್ನತಿಯಾಗದ ನಡುವಯಸ್ಸಿನ ಗಂಡಸಿನ ಮುಂದೊಗಲಿನಲ್ಲಿ ಹೀಗೆ ಸೀಳುಗಳು ಮೇಲಿಂದ ಮೇಲೆ ಬರುತ್ತಿದ್ದರೆ, ಬೇರೇನು ನೋಡದಿದ್ದರೂ ಒಂದನ್ನು ನೋಡಲೇಬೇಕು. ನಾನದನ್ನು ಬರೆಯುವಷ್ಟರಲ್ಲಿ ನಮ್ಮ ಲ್ಯಾಬಿನ ಹುಡುಗಿ, ಸೊಂಟನೋವಿಗೆಂದು ಮೊದಲೇ ಬರೆದಿದ್ದ ಮೂತ್ರಪರೀಕ್ಷೆಯ ಪಟ್ಟಿಯನ್ನು ಹಿಡಿದುಕೊಂಡೇ ಬಂದಳು. ಅದರಲ್ಲಿ ಸಕ್ಕರೆ ತೋರಿಸುವ ಚೌಕ ಕಡುಕಂದು ಬಣ್ಣಕ್ಕೆ ತಿರುಗಿತ್ತು, ಎಂದರೆ ಮೂತ್ರದಲ್ಲಿ ತುಂಬ ಸಕ್ಕರೆ.

ಬೆರಳು ಚುಚ್ಚಿ ನೋಡಿದ ರಕ್ತದ ಸಕ್ಕರೆ 342. ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 238. ಹಿಂದಿನ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಶೇಕಡಾ 10.8. ಬರಿಹೊಟ್ಟೆಯಲ್ಲಿ 126, ಎಚ್‌ಬಿಎ1ಸಿಯಲ್ಲಿ 6.5 ಮುಟ್ಟಿದರೆ ಅಥವಾ ದಾಟಿದರೆ ಸಕ್ಕರೆ ಕಾಯಿಲೆಯೆನ್ನುತ್ತೇವೆ; ಇವರದು ಆ ಗೆರೆಯನ್ನು ಯಾವಾಗಲೋ ದಾಟಿ ಹೋಗಿತ್ತು. ಎಚ್‌ಐವಿ, ವಿಡಿಆರ್‌ಎಲ್ ಎರಡೂ ನೆಗೆಟಿವ್ ಬಂದವು.

ಈಗ ಹಿಂದಿನದನ್ನು ಕೆದಕಿದರೆ ಎಲ್ಲವೂ ಇತ್ತು. ವರ್ಷದಲ್ಲಿ ಆರು ಕಿಲೋ ಇಳಿದಿದ್ದರು, ಹೊರಗಿನ ಊಟದಿಂದ ಹಾಗಾಗಿದೆಯೆಂದುಕೊಂಡಿದ್ದರು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು, ಚಹಾ ಹೆಚ್ಚಾಯಿತೆಂದುಕೊಂಡಿದ್ದರು. ಘಾಟಿನಲ್ಲಿ ಗಾಡಿ ನಿಲ್ಲಿಸುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು, ಅದರಿಂದ ಉರಿ ಇನ್ನಷ್ಟು ಹೆಚ್ಚಾಗಿತ್ತು. ಅವರ ಮಡದಿಯನ್ನು ಆಮೇಲೆ ಕೇಳಿದಾಗ ಅವರು ಹೇಳಿದ ಒಂದು ಮಾತು ನನ್ನ ಪುಸ್ತಕಗಳಿಗಿಂತ ಚೆನ್ನಾಗಿತ್ತು: ಗಂಡ ಊರಿಗೆ ಬಂದ ದಿನಗಳಲ್ಲಿ ಬಚ್ಚಲ ಮೂಲೆಗೆ ಇರುವೆ ಸಾಲುಗಟ್ಟುತ್ತಿದ್ದವು, ಅವರು ಲೋಡಿಗೆ ಹೋದ ಮೇಲೆ ಇರುತ್ತಿರಲಿಲ್ಲ. ಆಕೆ ಫಿನಾಯಿಲ್ ಹಾಕಿ ತೊಳೆಯುತ್ತಿದ್ದರು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗುರುತಿಸಿದ್ದರು, ಮಧುಮೇಹ ಎಂಬ ಹೆಸರಿನಲ್ಲೇ ಜೇನಿದೆ. ಲಾರಿ ಚಾಲಕ ಎಂಬ ಎರಡು ಪದಗಳ ಹಿಂದೆ ನಮಗೆಲ್ಲರಿಗೂ ಅದು ಮರೆತುಹೋಗಿತ್ತು.

ಅವರ ಪ್ರಶ್ನೆಗೆ ಉತ್ತರ

ಹೊರಗೆ ಹೋಗದವರಿಗೂ ಇದು ಬರುತ್ತದೆಯೇ ಎಂದು ಕೇಳಿದ್ದರಲ್ಲ, ಬರುತ್ತದೆ ಎಂದೆ. ಏಕೆಂದು ಚೀಟಿಯ ಹಿಂಬದಿಯಲ್ಲಿ ಒಂದು ನೀರಿನ ಟ್ಯಾಂಕ್ ಬರೆದು ತೋರಿಸಿದೆ. ಮೂತ್ರಪಿಂಡಗಳು ರಕ್ತದಿಂದ ಸೋಸಿದ ಸಕ್ಕರೆಯನ್ನು ಮತ್ತೆ ರಕ್ತಕ್ಕೇ ಹಿಂತಿರುಗಿಸುತ್ತವೆ, ಆದರೆ ಆ ಕೆಲಸಕ್ಕೊಂದು ಮಿತಿಯಿದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಟ್ಯಾಂಕು ತುಂಬಿ ಹರಿದಂತೆ ಹೆಚ್ಚಿನದು ಮೂತ್ರಕ್ಕೆ ಸೇರುತ್ತದೆ. ಮೂತ್ರ ಮಾಡಿದ ಮೇಲೆ ಮುಂದೊಗಲಿನ ಒಳಗೆ ಒಂದೆರಡು ಹನಿ ಉಳಿಯುತ್ತದೆ. ಬೆಚ್ಚಗಿನ, ತೇವದ, ಗಾಳಿಯಾಡದ ಆ ಜಾಗದಲ್ಲಿ ಸಕ್ಕರೆ ನೀರು ದಿನಕ್ಕೆ ಎಂಟು ಹತ್ತು ಸಲ ಬಿದ್ದರೆ ಅಲ್ಲೇ ತೆಪ್ಪಗಿದ್ದ ಕ್ಯಾಂಡಿಡಾ ಬೆಳೆಯುತ್ತದೆ. ಈ ಶಿಲೀಂಧ್ರ ಹೊರಗಿನಿಂದ ಬರಬೇಕಾಗಿಲ್ಲ, ಆರೋಗ್ಯವಂತರ ಮೈಯಲ್ಲೂ ಇರುತ್ತದೆ. ಗಂಟೆಗಟ್ಟಲೆ ಇಂಜಿನ್ನಿನ ಕಾವಿನಲ್ಲಿ ಬೆವರಿ ಕೂರುವ ಕೆಲಸ, ಪ್ರತಿರೋಧ ತಗ್ಗಿಸುವ ಸ್ಟಿರಾಯ್ಡ್ ಮುಲಾಮು, ಇವೆರಡು ಅದಕ್ಕೆ ಜೊತೆಯಾದವು.

ಅವರು ಬಹಳ ಹೊತ್ತು ಸುಮ್ಮನೆ ಆ ಟ್ಯಾಂಕನ್ನೇ ನೋಡುತ್ತ ಕುಳಿತರು. ಆಮೇಲೆ ಬಂದ ಬೇಡಿಕೆ ನಾನು ನಿರೀಕ್ಷಿಸದ್ದು: ತಾವು ಬೇರೆಲ್ಲೂ ಹೋಗಿಲ್ಲವೆಂದು ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಿ ಕೊಡಬೇಕು, ಅದನ್ನು ಮನೆಯಲ್ಲಿ ತೋರಿಸಬೇಕು. ಹಾಗೆ ಬರೆದುಕೊಡಲು ಬರುವುದಿಲ್ಲ ಎಂದೆ. ಎಚ್‌ಐವಿ ನೆಗೆಟಿವ್ ಎಂಬುದು ರಕ್ತದ ವರದಿಯೇ ಹೊರತು ನಡತೆಯ ಪ್ರಮಾಣಪತ್ರವಲ್ಲ; ಇಂದು ನೆಗೆಟಿವ್ ಬಂದದ್ದನ್ನು ಶೀಲದ ಸಾಕ್ಷಿ ಮಾಡಿದರೆ ನಾಳೆ ಇನ್ನೊಬ್ಬರಿಗೆ ಪಾಸಿಟಿವ್ ಬಂದದ್ದು ಅಪರಾಧದ ಸಾಕ್ಷಿಯಾಗುತ್ತದೆ. ಆದರೆ ಈ ಕಾಯಿಲೆ ಬರಲು ಹೊರಗಿನ ಸಂಬಂಧ ಬೇಕಿಲ್ಲ, ಇವರಿಗೆ ಬರಲು ಸಕ್ಕರೆಯೇ ಸಾಕಷ್ಟು ಕಾರಣ ಎಂಬುದನ್ನು ಅವರ ಮಡದಿಗೆ, ಅವರೇ ಕರೆತಂದರೆ, ಅವರೆದುರಿಗೇ ಹೇಳುತ್ತೇನೆಂದು ಒಪ್ಪಿಕೊಂಡೆ.

ಇನ್ನೆರಡು ಪ್ರಶ್ನೆಗಳು ಅಂದೇ ಬಂದವು. ಸುನ್ನತಿ ಮಾಡಿಸಬೇಕಾಗುತ್ತದೆಯೇ ಎಂದು ಕೇಳಿದಾಗ ಅವರ ದನಿ ಇನ್ನೂ ತಗ್ಗಿತು. “ನಮ್ಮಾಗ ಮಾಡಸಂಗಿಲ್ರೀ” ಎಂದು ಸೇರಿಸಿದರು. ಗಾಯ ಮಾಗಿ ಮಾಗಿ ಕಲೆಗಟ್ಟಿದರೆ ಮುಂದೊಗಲು ಶಾಶ್ವತವಾಗಿ ಬಿಗಿಯಾಗುತ್ತದೆ, ಆಗ ಅದನ್ನು ತೆಗೆಸುವುದು ಒಂದು ಸಣ್ಣ ಶಸ್ತ್ರಚಿಕಿತ್ಸೆ, ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ. ಆದರೆ ಸಕ್ಕರೆ ಹತೋಟಿಗೆ ಬರುವ ಮೊದಲು ಆ ಮಾತು ಬೇಡ, ಅರ್ಧಕ್ಕರ್ಧ ಜನರಿಗೆ ಆಮೇಲೆ ಅದರ ಅಗತ್ಯವೇ ಬೀಳದೆ ಇರಬಹುದು ಎಂದೆ. ‘ಅರ್ಧಕ್ಕರ್ಧ’ ಎಂದದ್ದು ಧೈರ್ಯಕ್ಕೆ, ಲೆಕ್ಕಕ್ಕಲ್ಲ.

ಎರಡನೆಯ ಪ್ರಶ್ನೆ, ನಿಮಿರುವಿಕೆ ಮೊದಲಿನಷ್ಟು ಗಟ್ಟಿಯಾಗಿಲ್ಲ, ಇದು ಮುಲಾಮಿನಿಂದಲೇ ಎಂಬುದು. ಮುಲಾಮಿನಿಂದಲ್ಲ. ನೋವಾಗುತ್ತದೆಂಬ ಹೆದರಿಕೆಯೊಂದೇ ಅದಕ್ಕೆ ಸಾಕು. ಅದರ ಜೊತೆಗೆ ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನೂ ರಕ್ತನಾಳಗಳನ್ನೂ ಕೆಡಿಸುತ್ತದೆ. ಶಿಶ್ನದ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್, ಹೃದಯದ ಪ್ರಧಾನ ರಕ್ತನಾಳಗಳದು ಮೂರು ನಾಲ್ಕು. ಒಂದೇ ಜಿಡ್ಡು ಸಣ್ಣ ಪೈಪಿನಲ್ಲಿ ಮೊದಲು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಈ ದೂರನ್ನು ಹೇಳಿದವರಿಗೆ ಇಸಿಜಿ, ರಕ್ತದೊತ್ತಡ, ಕೊಬ್ಬಿನ ಪರೀಕ್ಷೆಗಳನ್ನು ಮಾಡಿಸದೆ ನಾನು ಬಿಡುವುದಿಲ್ಲ. ಧಾಬಾಗಳಲ್ಲಿ ಸಿಗುವ ‘ಶಕ್ತಿ’ಯ ಪುಡಿ, ನೀಲಿ ಮಾತ್ರೆ ಯಾವುದನ್ನೂ ತಾವಾಗಿ ನುಂಗಬಾರದು, ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆಯೊಂದಿಗೆ ಆ ನೀಲಿ ಮಾತ್ರೆ ಸೇರಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಎಂದು ಹೇಳಿದೆ. ಅವರು ಪುಡಿಯನ್ನು ಆಗಲೇ ಎರಡು ಪೊಟ್ಟಣ ತಿಂದಿದ್ದರು.

ಚಿಕಿತ್ಸೆ ಸರಳವಾಗಿತ್ತು. ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿಸಿದೆ. ಶಿಲೀಂಧ್ರ ನಾಶಕ ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದು ಮಾತ್ರೆ, ಮೂರು ದಿನದ ಮೇಲೆ ಇನ್ನೊಂದು. ಕ್ಲೋಟ್ರಿಮಜೋಲ್ ಶೇಕಡಾ 1ರ ಮುಲಾಮು ದಿನಕ್ಕೆರಡು ಸಲ, ಎರಡು ವಾರ. ತೊಳೆಯಲು ಉಗುರುಬೆಚ್ಚಗಿನ ನೀರು ಮಾತ್ರ, ಸೋಪು, ಡೆಟಾಲ್ ಬೇಡ, ತೊಳೆದ ಮೇಲೆ ಒರೆಸಿ ಒಣಗಿಸಬೇಕು. ಬಲವಂತದಿಂದ ಚರ್ಮವನ್ನು ಹಿಂದೆ ಎಳೆಯಬಾರದು. ಗಾಯ ಮಾಗುವವರೆಗೆ ಸಂಭೋಗ ಬೇಡ, ಈ ಮುಲಾಮು ಹಚ್ಚಿದಾಗ ಕಾಂಡೋಮಿನ ರಬ್ಬರು ದುರ್ಬಲವಾಗುವುದರಿಂದ ಅದನ್ನೂ ನೆಚ್ಚಿಕೊಳ್ಳಬೇಡಿ ಎಂದೆ. ಸಕ್ಕರೆಗೆ ಮೆಟ್‌ಫಾರ್ಮಿನ್ ಒಂದನ್ನೇ ಶುರುಮಾಡಿ, ಸಕ್ಕರೆಯದೇ ಇನ್ನೊಂದು ಮಾತ್ರೆಯಾದ ಗ್ಲಿಮೆಪಿರೈಡ್ ಅನ್ನು ಬೇಕೆಂದೇ ಹತ್ತು ದಿನ ತಡೆದೆ. ಫ್ಲುಕೊನಜೋಲ್ ಜೊತೆಗಿದ್ದರೆ ಗ್ಲಿಮೆಪಿರೈಡ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆಯನ್ನು ಥಟ್ಟನೆ ಇಳಿಸಬಹುದು, ಮತ್ತು ಹದಿನಾರು ಟನ್ ಲೋಡಿನ ಸ್ಟಿಯರಿಂಗ್ ಹಿಡಿದವರಿಗೆ ಕಣ್ಣು ಕತ್ತಲೆ ಬರುವುದು ಅವರೊಬ್ಬರ ಕಾಯಿಲೆಯಾಗಿ ಉಳಿಯುವುದಿಲ್ಲ.

ಮಡದಿ ಬಂದ ದಿನ

ಹನ್ನೊಂದನೆಯ ದಿನ ಗಂಡಹೆಂಡತಿ ಕೂಡಿ ಬಂದರು. ಆಕೆಗೆ 38, ಮನೆಯಲ್ಲೇ ಹೊಲಿಗೆ ಕೆಲಸ. ಎಂಟು ತಿಂಗಳಿಂದ ಅತ್ತೆಯ ಕೋಣೆಯಲ್ಲಿ ಮಕ್ಕಳೊಂದಿಗೆ ಮಲಗುತ್ತಿದ್ದರು. ಗಂಡ ಹತ್ತಿರ ಬರುವುದನ್ನು ಬಿಟ್ಟದ್ದು, ಬಚ್ಚಲಲ್ಲಿ ಹೆಚ್ಚು ಹೊತ್ತು ಕಳೆಯುವುದು, ಜೇಬಿನಲ್ಲಿ ಮುಲಾಮು ಸಿಕ್ಕಿದ್ದು, ಇಷ್ಟರಿಂದ ಆಕೆ ಕಟ್ಟಿಕೊಂಡ ಕಥೆ ತಪ್ಪಾಗಿದ್ದರೂ ಅಸಂಬದ್ಧವಾಗಿರಲಿಲ್ಲ. ಇತ್ತ ಆಕೆಗೂ ನವೆ ಮತ್ತು ಗಟ್ಟಿ ಬಿಳಿಸೆರಗು ಶುರುವಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಳಿಸೆರಗಿಗೆ ಕೊಡುವ ಮಾತ್ರೆಗಳ ಹಸಿರು ಕಿಟ್ ಕೊಟ್ಟಿದ್ದರು, ಗುಣವಾಗಿ ಮತ್ತೆ ಬಂದಿತ್ತು. ನನ್ನ ಜೊತೆ ಕೆಲಸ ಮಾಡುವ ಸ್ತ್ರೀರೋಗ ತಜ್ಞೆ ನೋಡಿ ಅದೂ ಕ್ಯಾಂಡಿಡಾ ಎಂದರು.

ನಾನು ಟ್ಯಾಂಕಿನ ಚಿತ್ರವನ್ನು ಎರಡನೆಯ ಸಲ ಬರೆದೆ. ಆಕೆ ಅದನ್ನು ಪೂರ್ತಿ ಕೇಳಿದ ಮೇಲೆ, “ಅದೆಲ್ಲಾ ಇರ್ಲಿ ಸಾಹೇಬ್ರ. ನನ್ನಿಂದ ಅವ್ರಿಗೆ ಬಂತೋ, ಅವ್ರಿಂದ ನನಗ ಬಂತೋ, ಅದನ್ನಷ್ಟ ಹೇಳ್ರಿ” ಎಂದರು. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದು ಕಷ್ಟ. ಯಾವ ತೊಂದರೆಯೂ ಇಲ್ಲದ ಹೆಂಗಸರಲ್ಲೂ ಸುಮಾರು ಐವರಲ್ಲಿ ಒಬ್ಬರ ಯೋನಿಯಲ್ಲಿ ಈ ಶಿಲೀಂಧ್ರ ಇರುತ್ತದೆ. ಅದು ಯಾವಾಗ ಕೆರಳುತ್ತದೆಂಬುದು ಗರ್ಭ, ಆ್ಯಂಟಿಬಯಾಟಿಕ್, ಸಕ್ಕರೆ ಇವುಗಳ ಮೇಲೆ ನಿಂತಿದೆ. ಸಾಮಾನ್ಯವಾಗಿ ಹೆಂಡತಿಗೆ ಈ ಸೋಂಕಾದರೆ ಗಂಡನಿಗೆ ಚಿಕಿತ್ಸೆ ಬೇಕಾಗುವುದಿಲ್ಲ, ಅವನಿಗೂ ತೊಂದರೆ ಇದ್ದರೆ ಮಾತ್ರ ಇಬ್ಬರಿಗೂ ಒಟ್ಟಿಗೆ ಕೊಡುತ್ತೇವೆ. ಯಾರಿಂದ ಯಾರಿಗೆಂದು ಹೇಳಲು ಬರುವುದಿಲ್ಲ, ಹೇಳುವ ಅಗತ್ಯವೂ ಇಲ್ಲ, ಇಬ್ಬರೂ ಒಂದೇ ವಾರದಲ್ಲಿ ಔಷಧಿ ಮುಗಿಸಿ ಎಂದೆ. ಆಕೆಯ ಬರಿಹೊಟ್ಟೆಯ ಸಕ್ಕರೆಯನ್ನೂ ನೋಡಿದೆವು: 118. ಕಾಯಿಲೆಯಲ್ಲ, ಕಾಯಿಲೆಯ ಹೊಸ್ತಿಲು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಆಕೆಯಂತೆ ಹೊಸ್ತಿಲಲ್ಲಿರುವವರು 13.6 ಕೋಟಿ. ತನ್ನ ರಕ್ತದಲ್ಲೂ ಸಕ್ಕರೆ ಹೆಚ್ಚಿದೆಯೆಂದು ತಿಳಿದ ಮೇಲೆ ಆಕೆಯ ಮುಖ ಸಡಿಲವಾದದ್ದನ್ನು ನಾನು ಕಂಡೆ, ವಿಚಿತ್ರವೆನಿಸಿದರೂ ಅದು ನಿಜ. ನನ್ನ ವಿವರಣೆಯನ್ನು ಆಕೆ ನಂಬಿದ್ದು ಆಗಲೇ ಇರಬೇಕು.

ಆರು ವಾರದಲ್ಲಿ ಸೀಳುಗಳು ಮಾಗಿದವು, ಮುಂದೊಗಲು ಮುಕ್ಕಾಲು ಭಾಗ ಸರಿಯತೊಡಗಿತು. ಮೂರು ತಿಂಗಳಿಗೆ ಎಚ್‌ಬಿಎ1ಸಿ 7.4ಕ್ಕೆ ಇಳಿಯಿತು. ನಿಮಿರುವಿಕೆ ಪೂರ್ತಿಯಲ್ಲದಿದ್ದರೂ ಸುಧಾರಿಸಿತು.

ಮತ್ತೆ ಬಂದದ್ದು

ಮರುವರ್ಷ ಮಾರ್ಚಿನಲ್ಲಿ ಅವರ ಫೋನ್ ಬಂತು. ನವೆ ಮರಳಿ ಬಂದಿತ್ತು, ಸಕ್ಕರೆ ಮಾತ್ರ ಹತೋಟಿಯಲ್ಲೇ ಇತ್ತು. ನನ್ನ ವಿವರಣೆ ಸರಿಯಾಗಿದ್ದರೆ ಇದು ಬರಬಾರದಾಗಿತ್ತು, ಹಾಗಾಗಿ ಒಂದು ಕ್ಷಣ ನನಗೂ ಹಳೆಯ ಸಂಶಯ ತಲೆ ಎತ್ತಿತು. ಎಲ್ಲ ಮಾತ್ರೆಗಳ ಫೋಟೊ ಕಳಿಸಲು ಹೇಳಿದೆ. ಮೂರನೆಯ ಫೋಟೊದಲ್ಲಿ ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಇತ್ತು. ಲೋಡಿಗೆ ಹೋದ ಊರಿನಲ್ಲಿ ಮಾತ್ರೆ ಮುಗಿದಾಗ ಅಲ್ಲಿನ ವೈದ್ಯರು ಮೂರು ವಾರದ ಹಿಂದೆ ಸೇರಿಸಿದ್ದರು.

ಇದು ಒಳ್ಳೆಯ ಔಷಧಿ. ಹೃದಯಕ್ಕೂ ಮೂತ್ರಪಿಂಡಕ್ಕೂ ಅನುಕೂಲವೆಂದು ಸಾಬೀತಾದದ್ದು. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳು ತಯಾರಿಸಿ ಬೆಲೆಯೂ ಇಳಿದಿದೆ. ಆದರೆ ಅದು ಕೆಲಸ ಮಾಡುವುದೇ ಟ್ಯಾಂಕಿನ ಅಡಿಗೆ ತೂತು ಕೊರೆದು: ಮೂತ್ರಪಿಂಡ ಸಕ್ಕರೆಯನ್ನು ಹಿಂದಕ್ಕೆ ಹೀರದಂತೆ ತಡೆದು ದಿನಕ್ಕೆ ಸುಮಾರು 70 ಗ್ರಾಂನಷ್ಟನ್ನು ಮೂತ್ರದಲ್ಲೇ ಹೊರಹಾಕಿಸುತ್ತದೆ. ರಕ್ತದಲ್ಲಿ ಸಕ್ಕರೆ 130 ಇದ್ದರೂ ಮೂತ್ರ ಸಿಹಿಯಾಗಿರುತ್ತದೆ. ಜನನಾಂಗದ ಶಿಲೀಂಧ್ರ ಸೋಂಕು ಈ ಗುಂಪಿನ ಮಾತ್ರೆಗಳ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಬರೆದವರು ಅದನ್ನು ಹೇಳಿರಲಿಲ್ಲ. ಹೇಳಬೇಕಾದ ಮಾತು ನಾಚಿಕೆಯ ಮಾತಾದ್ದರಿಂದಲೇ ಹೇಳದೆ ಬಿಟ್ಟರೆಂದು ನನ್ನ ಅನುಮಾನ, ಏಕೆಂದರೆ ನಾನೂ ಬೇರೆ ರೋಗಿಗಳಿಗೆ, ಅದರಲ್ಲೂ ವಯಸ್ಸಾದ ತಾಯಂದಿರಿಗೆ, ಈ ಮಾತ್ರೆ ಬರೆಯುವಾಗ “ನೀರು ಹೆಚ್ಚು ಕುಡೀರಿ” ಎಂದಷ್ಟೇ ಹೇಳಿ ಮುಗಿಸಿದ್ದುಂಟು. ಈಗ ನೇರವಾಗಿ ಹೇಳುತ್ತೇನೆ: ಮೂತ್ರ ಮಾಡಿದ ಮೇಲೆ ತೊಳೆದು ಒರೆಸಿಕೊಳ್ಳಿ, ನವೆ ಬಂದರೆ ವಾರದೊಳಗೆ ತಿಳಿಸಿ; ಜ್ವರದೊಂದಿಗೆ ಜನನಾಂಗ ಅಥವಾ ಗುದದ ಸುತ್ತ ಊತ, ತಡೆಯಲಾರದ ನೋವು, ಕಪ್ಪು ಬಣ್ಣ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಆ ಕೊನೆಯದು ತೀರ ಅಪರೂಪ, ಆದರೆ ಮಾರಕ.

ಈ ರೋಗಿಗೆ ಹೃದಯದ ವೈಫಲ್ಯವಾಗಲಿ ಮೂತ್ರಪಿಂಡದ ತೊಂದರೆಯಾಗಲಿ ಇರಲಿಲ್ಲ, ಮುಂದೊಗಲಿನ ಬಿಗಿತ ಪೂರ್ತಿ ಹೋಗಿರಲಿಲ್ಲ. ಹಾಗಾಗಿ ಆ ಮಾತ್ರೆ ನಿಲ್ಲಿಸಿ ಬೇರೆಯದು ಕೊಟ್ಟೆ. ಎರಡು ವಾರದಲ್ಲಿ ಸೋಂಕು ಇಳಿಯಿತು. ಮೊದಲ ಸಲ ಎಂಟು ತಿಂಗಳು ಬಚ್ಚಿಟ್ಟವರು ಈ ಸಲ ನಾಲ್ಕನೆಯ ದಿನಕ್ಕೆ ಫೋನ್ ಮಾಡಿದ್ದರು, ಅದೂ ಮಡದಿ ಪಕ್ಕದಲ್ಲಿದ್ದಾಗ, ಸ್ಪೀಕರ್ ಹಾಕಿಕೊಂಡು.

ಕೊನೆಯ ಭೇಟಿಯಲ್ಲಿ ಎಚ್‌ಬಿಎ1ಸಿ 7.1 ಇತ್ತು. ಮುಂದೊಗಲಿನ ಅಂಚಿನಲ್ಲಿ ಒಂದು ಬಿಳಿಯ ಕಲೆಯ ಉಂಗುರ ಉಳಿದಿದೆ, ಸರಿಸುವಾಗ ಇನ್ನೂ ಹಿಡಿಯುತ್ತದೆ. ಹುಬ್ಬಳ್ಳಿಯ ಮೂತ್ರರೋಗ ತಜ್ಞರೊಬ್ಬರಿಗೆ ಚೀಟಿ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಈ ಸಲ ಕುರ್ಚಿಯಲ್ಲಿ ಕುಳಿತೇ, “ಮೆಣಸಿನಕಾಯಿ ಸೀಸನ್ ಮುಗೀಲಿ ಸರ್, ಆಮ್ಯಾಲೆ ಹೋಗ್ತೀನ್ರೀ” ಎಂದರು. ಇನ್ನೂ ಹೋಗಿಲ್ಲ.